ಹಂಚಿಯ ಹಂಚು, ಸಿಂಡರ್‌ಳ ಕಾಲು

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ಒಂದು ರಿಲೀಸು, ಅದರ ಬೆನ್ನಿಗೇ ಇನ್ನೊಂದು ರಿಲೀಸು... ಆ ಪುರಾಣ ಬಿಡಿ. ಈ ಮೂರು ತಿಂಗಳಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ ನಾಲ್ಕು ದಪ್ಪ ಪುಸ್ತಕ ಓದಿ ಮುಗಿಸಿದ್ದು. ಯಾವ ಪುಸ್ತಕ ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತೇನೆ. ಅವು ಹದಿಹರೆಯದವರಿಗೆ ಅಂತ ಬರೆದವು. ಅದರಲ್ಲೂ ಮೊದಲನೆಯದು ಸಿಂಡರೆಲಾ ಕಥೆ! ಇಪ್ಪತ್ತೆಂಟು ವರ್ಷದ, ಗಡ್ಡ ಬಿಟ್ಟ, ತಿಂಗಳಾ ತಿಂಗಳಾ ಇಎಂಐ ಕಟ್ಟುವ ಬೆಟಗೇರಿಯ ಗಂಡಸು ಸಿಂಡರೆಲಾ ಓದುತ್ತಾನೆ ಅಂದರೆ... ನಗುವವರು ನಗಲಿ :)

ಪುಸ್ತಕಗಳ ಹೆಸರು ಸಿಂಡರ್, ಸ್ಕಾರ್ಲೆಟ್, ಕ್ರೆಸ್ ಮತ್ತು ವಿಂಟರ್. ಬರೆದವರು ಅಮೆರಿಕದ ಮರಿಸ್ಸಾ ಮೇಯರ್. 2012ರಿಂದ 2015ರವರೆಗೆ ವರ್ಷಕ್ಕೊಂದರಂತೆ ಬಂದವು. ಒಟ್ಟು ಸರಣಿಯ ಹೆಸರು ಲೂನಾರ್ ಕ್ರಾನಿಕಲ್ಸ್. ನವೆಂಬರ್ ಒಂದೇ ತಿಂಗಳಲ್ಲಿ ಒಂದು ಕಾದಂಬರಿ ಬರೆದು ಮುಗಿಸಬೇಕು ಅನ್ನುವ ಒಂದು ಸವಾಲು ಇತ್ತಲ್ಲ, 2008ರ ಆ ಸವಾಲಿನಲ್ಲಿ ಈ ಪುಣ್ಯಾತ್ಗಿತ್ತಿ ಮೊದಲ ಮೂರು ಪುಸ್ತಕಗಳ ಕರಡನ್ನೂ ಬರೆದು ಹಾಕಿದರಂತೆ. ನನಗೋ ಬ್ಲಾಗಿಗೆ ಮೂರು ತಿಂಗಳಿಗೊಂದು ಬರಹ!

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಸಿಂಡರ್ ಅನ್ನುವವಳು ಎಷ್ಟೋ ಕಾಲದ ನಂತರದ ಹೊಸ ಬೀಜಿಂಗ್ ಊರಿನ ಸಂತೆಯಲ್ಲಿ ಅಂಗಡಿ ಇಟ್ಟುಕೊಂಡ ಮೆಕ್ಯಾನಿಕ್ಕು. ನಮ್ಮ ಮುಳಗುಂದ ನಾಕಾದ ಕಡೆ ಮೊಬೈಲ್ ರಿಪೇರಿ ಮಾಡುವ ಹುಡುಗರನ್ನು ನೆನಪಿಸಿಕೊಳ್ಳಿ, ಸಾಕು. ಸಣ್ಣವಳಿದ್ದಾಗ ಅಪಘಾತವಾಗಿ ಅವಳ ಒಂದು ಕಾಲು, ಒಂದು ಕೈ ಲೋಹದ್ದು. ಮಿದುಳಿಗೂ ವೈರು. ಲೆಕ್ಕ ಹಾಕಿದರೆ ಶೇಕಡಾ 36.28ರಷ್ಟು ಯಂತ್ರ. ಅಂಥವರನ್ನು ಆ ಊರಿನ ಕಾನೂನು ಪೂರ್ತಿ ಮನುಷ್ಯರು ಅಂತ ಒಪ್ಪುವುದಿಲ್ಲ. ಮಲತಾಯಿಗೆ ಅವಳು ಮಗಳಲ್ಲ, ಸೊತ್ತು. ಅದಕ್ಕೇ ಅವಳು ಸದಾ ಕೈಗವಸು ಹಾಕಿಕೊಂಡು, ಬೂಟು ತೊಟ್ಟುಕೊಂಡು ಇರುತ್ತಾಳೆ. ರಾಜಕುಮಾರ ತನ್ನ ಕೆಟ್ಟ ಆಂಡ್ರಾಯ್ಡನ್ನು ರಿಪೇರಿಗೆ ತಂದಾಗಲೂ ಗವಸು ತೆಗೆಯುವುದಿಲ್ಲ.

ಅರಮನೆಯ ಮೆಟ್ಟಿಲ ಮೇಲೆ ಸಿಂಡರೆಲಾಳ ಗಾಜಿನ ಚಪ್ಪಲಿ ಕಳಚುತ್ತೆ. ಇಲ್ಲಿ ಸಿಂಡರ್‌ಳ ಕಾಲೇ ಕಳಚಿ ಬೀಳುತ್ತೆ, ವೈರು ಸಮೇತ. ರಾಜಕುಮಾರ ನೋಡುತ್ತ ನಿಂತಿರುತ್ತಾನೆ. ಆ ಪುಟ ಓದುವಾಗ ನಾನು ಬೆಂಗಳೂರಿನಿಂದ ಗದಗಿಗೆ ಹೋಗುವ ರಾತ್ರಿ ರೈಲಿನ ಮೇಲಿನ ಬರ್ತಿನಲ್ಲಿದ್ದೆ. ಕೆಳಗಿನ ಬರ್ತಿನವರು ಎರಡು ಸಲ ಲೈಟು ಆರಿಸಲು ಹೇಳಿದ್ದರು...

ಉಳಿದ ಮೂರೂ ಹೀಗೇ. ಸ್ಕಾರ್ಲೆಟ್ ಅಂದರೆ ಕೆಂಪು ಟೋಪಿಯ ಹುಡುಗಿ ಮತ್ತು ತೋಳ. ಕ್ರೆಸ್ ಅಂದರೆ ಉದ್ದ ಕೂದಲಿನ ರಪುಂಜಲ್. ಅವಳು ಗೋಪುರದಲ್ಲಿಲ್ಲ, ಭೂಮಿಯನ್ನು ಸುತ್ತುವ ಉಪಗ್ರಹದಲ್ಲಿ ಏಳು ವರ್ಷದಿಂದ ಒಬ್ಬಳೇ ಕೂತು ಹ್ಯಾಕಿಂಗ್ ಮಾಡುತ್ತಾಳೆ. ವರ್ಕ್ ಫ್ರಂ ಹೋಮ್ ಮಾಡಿದವರಿಗೆಲ್ಲ ಇವಳ ಮೇಲೆ ವಿಶೇಷ ಅಭಿಮಾನ ಹುಟ್ಟುವುದು ಖಂಡಿತ. ವಿಂಟರ್ ಅಂದರೆ ಸ್ನೋವೈಟ್, ಚಂದ್ರಲೋಕದವಳು. ಇವರೆಲ್ಲರ ವೈರಿ ಚಂದ್ರಲೋಕದ ರಾಣಿ ಲೆವಾನಾ. ತನ್ನ ನಿಜವಾದ ಮುಖವನ್ನು ಯಾರಿಗೂ ತೋರಿಸದೆ, ನೋಡುವವರ ಮನಸ್ಸಿಗೇ ಮಂಕುಬೂದಿ ಎರಚಿ ಸುಂದರಿಯಾಗಿ ಕಾಣುವವಳು.

ನನ್ನದೂ ಒಂದು ತಕರಾರಿದೆ. ಗುಟ್ಟು ಬಿಟ್ಟುಕೊಡುತ್ತಿದ್ದೇನೆ, ಓದಬೇಕು ಅಂದುಕೊಂಡವರು ಮುಂದಿನ ಎರಡು ಸಾಲು ಹಾರಿಸಿ. ಕೊನೆಗೆ ಸಿಂಡರ್ ಕೂಡ ಕಳೆದುಹೋದ ರಾಜಕುಮಾರಿಯೇ ಅಂತ ಗೊತ್ತಾಗುತ್ತೆ. ಮೆಕ್ಯಾನಿಕ್ಕಾಗಿಯೇ ಗೆದ್ದಿದ್ದರೆ ಏನು ಹೋಗುತ್ತಿತ್ತು?

ಈ ತಕರಾರು ಹುಟ್ಟಿದ್ದು ನಮ್ಮ ಅಮ್ಮ ಹೇಳಿದ ಕಥೆಯಿಂದ. ನಮ್ಮ ಮನೆಯಲ್ಲಿ ಅಜ್ಜಿಗೆ ಅಮ್ಮ ಅಂತೀವಿ, ತಾಯಿಗೆ ಅವ್ವ. ಅಮ್ಮ ಇರುವುದು ಶಿರಹಟ್ಟಿಯಲ್ಲಿ. ಎಂಬತ್ತು ದಾಟಿದೆ, ಹಲ್ಲು ಒಂದೂ ಇಲ್ಲ, ಕಥೆ ಮಾತ್ರ ಎಲ್ಲವೂ ಇವೆ. ಅವುಗಳಲ್ಲಿ ಒಂದು ಹಂಚಿಯ ಕಥೆ.

ಅಮ್ಮ ಹೇಳುವ ಪ್ರಕಾರ ಅದು ಹೀಗೆ. ಒಬ್ಬ ಹುಡುಗಿಗೆ ಬಂಗಾರದ ಕೂದಲು. ಆ ಕೂದಲೇ ಅವಳಿಗೆ ಮುಳುವು. ಮನೆಯಲ್ಲೇ ಕೆಟ್ಟ ಕಣ್ಣು ಬಿದ್ದಾಗ ಹಡೆದ ತಾಯಿ ಕುಂಬಾರನ ಹತ್ತಿರ ಮಣ್ಣಿನ ಮುಖವಾಡ ಮಾಡಿಸಿ, ಮಗಳ ಮುಖ ತಲೆ ಎಲ್ಲ ಮುಚ್ಚಿ, ದಾರಿಗೆ ಬುತ್ತಿ ಕಟ್ಟಿಕೊಟ್ಟು ಊರು ಬಿಡಿಸುತ್ತಾಳೆ. ಮುಖದ ಮೇಲೆ ಹಂಚು, ಅದಕ್ಕೇ ಹೆಸರು ಹಂಚಿ. ಹುಡುಗಿ ಲಕ್ಷ್ಮೇಶ್ವರದ ಸಾವ್ಕಾರನ ಮನೆಯಲ್ಲಿ ಅಡಿಗೆಗೆ ಸೇರುತ್ತಾಳೆ. (ಅಮ್ಮನ ಎಲ್ಲ ಸಾವ್ಕಾರರೂ ಲಕ್ಷ್ಮೇಶ್ವರದವರು. ಕಳ್ಳರು ಯಾವೂರಿನವರು ಅಂತ ಬರೆದರೆ ಜಗಳ ಆದೀತು.) ಯಾರೂ ಇಲ್ಲದಾಗ ಹಂಚು ತೆಗೆದಿಟ್ಟು ಎರೆದುಕೊಳ್ಳುತ್ತಾಳೆ. ಸಾವ್ಕಾರನ ಮಗ ಕಂಡುಬಿಡುತ್ತಾನೆ, ಮದುವೆಯಾಗುತ್ತೆ. ಆಮೇಲೆ ಒಬ್ಬ ಕಳ್ಳ ಗುರುವಿನ ಕಾಟ, ಸುಳ್ಳು ಅಪವಾದ, ಮತ್ತೆ ಮನೆ ಬಿಡುವ ಗತಿ. ಕೊನೆಗೆ ಗಂಡ ಎಲ್ಲೋ ಊಟಕ್ಕೆ ಕೂತಾಗ ಬಡಿಸಿದ ಗೋಧಿ ಹುಗ್ಗಿಯ ರುಚಿಯಿಂದ ಇದು ಹಂಚಿಯ ಕೈಯದ್ದೇ ಅಂತ ಗುರುತು ಹಿಡಿಯುತ್ತಾನೆ. ಮುಖದಿಂದಲ್ಲ, ಚಪ್ಪಲಿಯಿಂದಲ್ಲ, ಕೈರುಚಿಯಿಂದ! ಅವಳು ಯಾವ ರಾಜನ ಮಗಳೂ ಅಲ್ಲ.

ಇದು ಅಮ್ಮ ಕಟ್ಟಿದ ಕಥೆ ಅಂತಲೇ ಚಿಕ್ಕಂದಿನಲ್ಲಿ ನಂಬಿದ್ದೆ. ಇಂಜಿನಿಯರಿಂಗ್ ಓದುವಾಗ ಲೈಬ್ರರಿಯಲ್ಲಿ ಎ.ಕೆ. ರಾಮಾನುಜನ್ ಅವರ ಜಾನಪದ ಕಥೆಗಳ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಪುಟ ತಿರುವಿದರೆ ಹಂಚಿ! ಆ ಮಣ್ಣಿನ ಮುಖವಾಡ, ಆ ಬಂಗಾರದ ಕೂದಲು. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದಾಗ ನಮ್ಮ ಕಡೆಯ ಕಥೆಗಳನ್ನು ಕೇಳಿ ಬರೆದಿಟ್ಟುಕೊಂಡವರು. 1982ರಲ್ಲಿ ಅಲನ್ ಡಂಡೆಸ್ ಅನ್ನುವವರು ಸಿಂಡರೆಲಾ ಕಥೆಗಳ ಮೇಲೆ ಒಂದು ಪುಸ್ತಕ ಸಂಪಾದಿಸಿದಾಗ, ಹಂಚಿಯನ್ನು ಕನ್ನಡದ ಸಿಂಡರೆಲಾ ಅಂತ ಪರಿಚಯಿಸಿದ್ದೂ ಅವರೇ. ನಮ್ಮ ಅಮ್ಮನ ಪಡಸಾಲೆಯ ಕಥೆ ಪಂಡಿತರ ಪುಸ್ತಕದಲ್ಲಿ ಕೂತಿತ್ತು. ಅಮ್ಮನಿಗೆ ಹೇಳಿದೆ. "ಅವ್ರಿಗೆ ಯಾರ್ ಹೇಳಿದ್ರಂತ? ಹುಗ್ಗಿದು ಸರಿ ಬರದಾರೇನು?" ಅಂತಷ್ಟೇ ಕೇಳಿದಳು.

ನನ್ನ ಗೆಳೆಯನೊಬ್ಬನಿದ್ದಾನೆ. ಇಂಥ ಹೊಸ ರೂಪಗಳೆಂದರೆ ಅವನಿಗೆ ಆಗುವುದಿಲ್ಲ. "ಮೂಲ ಕಥೆ ಕೆಡಿಸ್ತಾರಲೇ" ಅಂತಾನೆ. ಯಾವ ಮೂಲ ಮಾರಾಯಾ? ಚೀನಾದಲ್ಲಿ ಒಂಬತ್ತನೇ ಶತಮಾನದಲ್ಲೇ ಬರೆದಿಟ್ಟ ಯೆ ಶಿಯಾನ್ ಅನ್ನುವ ಹುಡುಗಿಯ ಕಥೆಯಲ್ಲಿ ಅವಳಿಗೆ ನೆರವಾಗುವುದು ಒಂದು ಮೀನು, ಕಳಚಿ ಬೀಳುವುದು ಬಂಗಾರದ ಚಪ್ಪಲಿ. ಫ್ರಾನ್ಸಿನ ಪೆರೋ ಗಾಜಿನ ಚಪ್ಪಲಿಯ ಕಥೆ ಅಚ್ಚು ಹಾಕಿಸಿದ್ದು 1697ರಲ್ಲಿ. 1893ರಲ್ಲಿ ಮೇರಿಯನ್ ಕಾಕ್ಸ್ ಅನ್ನುವ ಹೆಣ್ಣುಮಗಳು ಈ ಕಥೆಯ 345 ರೂಪಗಳನ್ನು ಒಂದೇ ಪುಸ್ತಕದಲ್ಲಿ ಕೂಡಿಸಿದರು. ನಮ್ಮ ಹಂಚಿಯ ಕಾಲಿಗಂತೂ ಚಪ್ಪಲಿಯೇ ಇಲ್ಲ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಎಲ್ಲವೂ ಫೋರ್ಕುಗಳೇ, ಮೂಲ ರೆಪಾಸಿಟರಿ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ :)

ಇಷ್ಟು ವಾದ ಮಾಡಲು ನನಗೆ ಮೊದಲಿಂದಲೂ ಬರುತ್ತಿತ್ತು. ಆದರೆ ಕಥೆಯನ್ನು ಬದಲಿಸುವುದು ಯಾಕೆ ಬೇಕು ಅನ್ನುವುದು ತಿಳಿದದ್ದು ಕಳೆದ ಬೇಸಿಗೆಯಲ್ಲಿ, ನಮ್ಮ ಅಕ್ಕನ ಮಗಳಿಂದ.

ಅಕ್ಕನನ್ನು ಮುಂಡರಗಿಗೆ ಕೊಟ್ಟಿದ್ದೇವೆ. ಅವಳ ಮಗಳಿಗೆ ಈಗ ಒಂಬತ್ತು ವರ್ಷ. ಹುಟ್ಟಿದಾಗಿನಿಂದಲೇ ಎರಡೂ ಕಿವಿ ಕೇಳುತ್ತಿರಲಿಲ್ಲ. ಅದು ನಮಗೆ ಗೊತ್ತಾದದ್ದು ಒಂದು ದೀಪಾವಳಿಯಲ್ಲಿ, ಬಾಗಿಲ ಮುಂದೆ ಪಟಾಕಿ ಸರ ಹೊಡೆದರೂ ಮಲಗಿದ ಕೂಸು ಮಿಸುಕದೇ ಇದ್ದಾಗ. ಮೂರನೇ ವರ್ಷಕ್ಕೆ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದರು.

ಅದೇನು ಅಂತ ಚುಟುಕಾಗಿ: ಕಿವಿಯ ಹಿಂದೆ, ಚರ್ಮದ ಕೆಳಗೆ ಒಂದು ಸಣ್ಣ ರಿಸೀವರ್ ಕೂರಿಸುತ್ತಾರೆ. ಅದರಿಂದ ಹೊರಟ ತೆಳ್ಳನೆಯ ಎಳೆಯೊಂದು ಒಳಗಿವಿಯ ಶಂಖದ ಆಕಾರದ ಭಾಗಕ್ಕೆ ಹೋಗುತ್ತೆ. ಹೊರಗೆ ಮೈಕು, ಬ್ಯಾಟರಿ ಇರುವ ಪ್ರೊಸೆಸರು ಮತ್ತು ಆಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುವ ಒಂದು ಬಿಲ್ಲೆ. ನಿಮ್ಮ ನನ್ನ ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಕೋಶಗಳು ಸುಮಾರು 15,000 ಇರುತ್ತವೆ. ಇಂಪ್ಲಾಂಟಿನ ಎಳೆಯಲ್ಲಿ ಎಲೆಕ್ಟ್ರೋಡುಗಳು ಕಂಪನಿಯ ಮೇಲೆ 12ರಿಂದ 22. ಅಷ್ಟರಲ್ಲೇ ಇಡೀ ಜಗತ್ತಿನ ಸದ್ದು ಒಳಗೆ ಹೋಗಬೇಕು. ಆಪರೇಷನ್ ಆದ ದಿನವೇ ಕೇಳಿಸುವುದಿಲ್ಲ. ಗಾಯ ಮಾಗಿದ ಮೇಲೆ ಸ್ವಿಚ್ ಆನ್ ಮಾಡುತ್ತಾರೆ. ಆಗಲೂ ಮಗುವಿಗೆ ಕೇಳಿಸುವುದು ಮಾತಲ್ಲ, ಬರೀ ಸಪ್ಪಳ. ಆ ಸಪ್ಪಳವನ್ನು ಮಾತು ಮಾಡಿಕೊಳ್ಳುವುದನ್ನು ಮಿದುಳು ಒಂದೊಂದೇ ಶಬ್ದವಾಗಿ ಕಲಿಯಬೇಕು.

ಎರಡು ವರ್ಷ ಅಕ್ಕ ವಾರಕ್ಕೆರಡು ಸಲ ಮಗಳನ್ನು ಕಟ್ಟಿಕೊಂಡು ಮುಂಡರಗಿಯಿಂದ ಗದಗ, ಗದಗಿನಿಂದ ಹುಬ್ಬಳ್ಳಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅದೇ ಪಾಠ. ಡಂಬಳದ ಹತ್ತಿರ ಕಿಟಕಿಯಿಂದ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರ ತೋರಿಸಿ "ಗಾಳಿ, ಗಾಳಿ" ಅಂತ ನೂರು ಸಲ ಹೇಳುವುದು. ನೂರೊಂದನೇ ಸಲಕ್ಕೆ ಹುಡುಗಿ "ಗಾಯಿ" ಅಂದಳಂತೆ. ಅಕ್ಕ ಬಸ್ಸಿನಲ್ಲೇ ಗೊಳೋ ಅಂತ ಅತ್ತಳು, ಕಂಡಕ್ಟರ್ ಗಾಬರಿಯಾಗಿ ಬಂದು ಪರ್ಸು ಕಳೆದುಹೋಯ್ತೇನ್ರಿ ಅಂತ ಕೇಳಿದನಂತೆ.

ಈಗ ಚೆನ್ನಾಗಿ ಮಾತಾಡುತ್ತಾಳೆ. ಗದ್ದಲವಿದ್ದರೆ ಮಾತ್ರ ಕಷ್ಟ. ಫಕೀರೇಶ್ವರನ ಜಾತ್ರೆಗೆ ಕರೆದುಕೊಂಡು ಹೋದರೆ ಅರ್ಧ ಗಂಟೆಗೇ ಸುಸ್ತಾಗಿ ಬಿಲ್ಲೆ ಕಿತ್ತು ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. ಮಷೀನಿಗೆ ಅವಳು ಇಟ್ಟ ಹೆಸರು ಕಿವಿ. "ಮಾಮಾ, ನನ್ನ ಕಿವಿ ಚಾರ್ಜಿಗೆ ಹಾಕು" ಅಂತಾಳೆ. ಎರಡು ವರ್ಷದ ಹಿಂದೆ ಶಾಲೆಯಲ್ಲಿ ಕೆಲವು ಹುಡುಗರು ರೋಬೋ ಅಂತ ಕೂಗತೊಡಗಿದರು. ಅವತ್ತಿನಿಂದ ಕೂದಲು ಇಳಿಬಿಟ್ಟು ಅದನ್ನು ಮುಚ್ಚಿಕೊಳ್ಳುತ್ತಾಳೆ. ಶಿರಹಟ್ಟಿಯ ಮೇ ತಿಂಗಳ ಧಗೆಯಲ್ಲೂ ಜಡೆ ಹಾಕಲು ಬಿಡುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಎಲ್ಲರೂ ಶಿರಹಟ್ಟಿಯಲ್ಲಿ ಸೇರಿದ್ದೆವು. ನಮಗೆಲ್ಲ ಅಮ್ಮ ಕಥೆ ಹೇಳಿದ್ದು ಮಾಳಿಗೆಯ ಮೇಲೆ, ರಾತ್ರಿ, ಕತ್ತಲೆಯಲ್ಲಿ. ಈ ಹುಡುಗಿಗೆ ಅದು ನಡೆಯುವುದಿಲ್ಲ. ಮಲಗುವಾಗ ಕಿವಿ ತೆಗೆದಿಡಬೇಕು. ತೆಗೆದರೆ ಏನೂ ಕೇಳಿಸದು. ಕತ್ತಲಾದರೆ ತುಟಿಯೂ ಕಾಣಿಸದು. ಅದಕ್ಕೆ ಅಮ್ಮ ಕಥೆಯ ಹೊತ್ತನ್ನು ಮಧ್ಯಾಹ್ನಕ್ಕೆ ಬದಲಿಸಿದ್ದಾಳೆ. ಪಡಸಾಲೆಯಲ್ಲಿ ಬೆಳಕಿಗೆ ಮುಖ ಮಾಡಿ ಕೂತು, ಬೊಚ್ಚು ಬಾಯಿಯಲ್ಲಿ ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳುತ್ತಾಳೆ.

ಅವತ್ತು ಹಂಚಿಯ ಕಥೆ. ಅಮ್ಮ ಜೋರು ಬಂದಿದ್ದಳು.

"ಆಮ್ಯಾಲೆ ಸಾವ್ಕಾರನ ಮಗಾ ಏನ್ ಮಾಡಿದಾ? ಅಕಿ ಮಾರಿ ಮ್ಯಾಲಿನ ಹಂಚು ಕಿತ್ತಾ, ನೆಲಕ್ಕ ಹೊಡದಾ! ಚೂರ್ ಚೂರಾತು. ಬಂಗಾರದ ಕೂದಲಾ ಫಳಫಳ ಹೊಳದೂವು!"

ನಮಗೆಲ್ಲ ಚಿಕ್ಕಂದಿನಲ್ಲಿ ಚಪ್ಪಾಳೆ ಹೊಡೆಯುವ ಜಾಗ ಅದು. ಈ ಹುಡುಗಿ ಮಾತ್ರ ಬಲಗೈಯನ್ನು ತಟ್ಟನೆ ಕಿವಿಯ ಹಿಂದೆ ಇಟ್ಟುಕೊಂಡಳು.

"ಯಾಕ ಒಡದಾ? ಅದು ಅಕಿದು. ಅಕಿನ್ನ ಕೇಳಿದ್ನೇನು?"

"ಅಲ್ಲಬೇ, ಅಕಿ ಚಂದ ಕಾಣಲಿ ಅಂತ..."

"ಅಕಿ ಅವ್ವ ಮಾಡಿಸಿ ಕೊಟ್ಟಿದ್ಲು. ರೊಕ್ಕಾ ಎಷ್ಟ್ ಆಗಿರತೈತಿ? ಈಗ ಮತ್ತ ಬೇಕಂದ್ರ ಅಕಿ ಏನ್ ಹಾಕ್ಕೋಬೇಕು?"

ಯಾರೂ ನಗಲಿಲ್ಲ. ಅಕ್ಕ ಎದ್ದು ಅಡಿಗೆಮನೆಗೆ ಹೋದಳು. ಬೀಳಿಸಬೇಡ, ಒಡೆಯುತ್ತೆ, ನೀರು ತಾಗಿಸಬೇಡ, ಲಕ್ಷಗಟ್ಟಲೆ ರೊಕ್ಕ ಅಂತ ಬುದ್ಧಿ ಬಂದಾಗಿನಿಂದ ಕೇಳಿಕೊಂಡು ಬೆಳೆದ ಹುಡುಗಿ ಅದು. ನಮಗೆ ಹಂಚು ಅಂದರೆ ಮರೆಮಾಚುವ ವಸ್ತು. ಅವಳಿಗೆ ಅದು ಅವ್ವ ಮಾಡಿಸಿಕೊಟ್ಟು ತಲೆಗೆ ಹಾಕಿ ಕಳಿಸಿದ ವಸ್ತು, ಅದಿಲ್ಲದೆ ಹೊರಗೆ ಹೋಗಲಾಗದು. ಯೋಚಿಸಿದರೆ ಕಥೆಯಲ್ಲೂ ಅದು ಹಾಗೇ ಅಲ್ಲವೇ? ಹಂಚಿಯನ್ನು ಅಷ್ಟು ದಿನ ಕಾಪಾಡಿದ್ದೇ ಆ ಹಂಚು. ಇಷ್ಟು ವರ್ಷ ಕಥೆ ಕೇಳಿದ ನಮ್ಮಲ್ಲಿ ಒಬ್ಬರೂ ಅದರ ಪರ ಮಾತಾಡಿರಲಿಲ್ಲ.

ಅಮ್ಮ ಬಾಯಿಯೊಳಗಿನ ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ಹೌದ್ ನೋಡವಾ" ಅಂದಳು. ಅವತ್ತು ಕಥೆ ಅಲ್ಲಿಗೇ ನಿಂತಿತು.

ಮರುದಿನ ಮಧ್ಯಾಹ್ನ ತಾನೇ ಕರೆದು ಕೂರಿಸಿಕೊಂಡು ಮತ್ತೆ ಶುರು ಮಾಡಿದಳು. ಆ ಜಾಗ ಬಂತು. "ಸಾವ್ಕಾರನ ಮಗಾ, ನಿನ್ನ ಮಾರಿ ನೋಡಬೇಕವಾ ಅಂದಾ. ಹಂಚಿ ತಾನಾ ಹಂಚ್ ತಗದ್ಲು. ಸೆರಗಿಲೆ ಒರಸಿ ದೇವರ ಜಗಲಿ ಮ್ಯಾಲ ಇಟ್ಲು. ಬೇಕಾದಾಗ ಹಾಕ್ಕೊಂತಿದ್ಲು, ಬ್ಯಾಡಾದಾಗ ತಗದಿಡ್ತಿದ್ಲು. ಮನ್ಯಾಗ ಯಾರೂ ಏನೂ ಅಂತಿದ್ದಿಲ್ಲ."

ಹುಡುಗಿ ತಲೆಯಾಡಿಸಿದಳು. ಕಥೆ ಮುಂದೆ ಹೋಯಿತು.

ಯಾರ ಬಾಯಿಂದ ಕೇಳಿದಳೋ, ಎಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದ ಕಥೆ. ಅದನ್ನು ಅಮ್ಮ ಒಂದೇ ರಾತ್ರಿಯಲ್ಲಿ ತಿದ್ದಿದಳು. ನಮ್ಮ ಕಂಪನಿಯಲ್ಲಿ ಇಷ್ಟು ಬದಲಾವಣೆಗೆ ನಾಲ್ಕು ಮೀಟಿಂಗು ಬೇಕಾಗುತ್ತಿತ್ತು.

ಆಮೇಲೆ ನನ್ನ ಸರದಿ. ಸಿಂಡರ್ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಹೊಸ ಬೀಜಿಂಗ್ ಹೋಗಿ ಹೊಸ ಗದಗ ಆಯಿತು. ಕಾಲು ಕಳಚಿ ಬಿದ್ದಲ್ಲಿ ಉಸಿರು ಬಿಗಿಹಿಡಿದು, "ಮತ್ತ ಕಾಲು?" ಅಂದಳು. ಡಾಕ್ಟರು ಜೈಲಿಗೇ ಹೊಸ ಕಾಲು, ಹೊಸ ಕೈ ತಂದು ಕೊಡುತ್ತಾರೆ ಅಂದೆ. ಸಮಾಧಾನವಾಯಿತು.

"ಅಕಿ ಎಷ್ಟ್ ಪರ್ಸೆಂಟ್ ಮಷೀನು?"

"36.28."

"ನಾನು?"

ಇಂಜಿನಿಯರ್ ಅಲ್ಲವೇ, ಲೆಕ್ಕ ಹಾಕದೆ ಇರಲಾಗುತ್ತದೆಯೇ! ಒಳಗಿನದು ಹೊರಗಿನದು ಸೇರಿ ಸುಮಾರು 20 ಗ್ರಾಂ ಅಂತ ಹಿಡಿದೆ. ಅವಳು 24 ಕಿಲೋ. "0.1 ಪರ್ಸೆಂಟೂ ಇಲ್ಲ" ಅಂದೆ.

"ಅಷ್ಟ ಏನು?" ಅಂತ ಮುಖ ಸಣ್ಣ ಮಾಡಿದಳು!

ರೋಬೋ ಅಂತ ಕರೆದದ್ದಕ್ಕೆ ಕೂದಲು ಇಳಿಬಿಟ್ಟ ಹುಡುಗಿಗೆ ಮಷೀನಿನ ಪಾಲು ಕಡಿಮೆಯಾಯ್ತು ಅಂತ ಬೇಜಾರು. ನನಗೆ ಆ ಕ್ಷಣಕ್ಕೆ ಮರಿಸ್ಸಾ ಮೇಯರ್ ಅವರಿಗೆ ಶಿರಹಟ್ಟಿಯಿಂದಲೇ ಒಂದು ಸೀರೆ ಉಡಿಸಿ ಕಳಿಸಬೇಕು ಅನ್ನಿಸಿತು. ಬೆಟಗೇರಿಯ ಮಗ್ಗದ್ದು.

ಕಥೆ ಕೇಳಿದ್ದೇ ತಡ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತೆ. ಶಾಲೆಗೆ ಈಗಲೂ ಕೂದಲು ಇಳಿಬಿಟ್ಟೇ ಹೋಗುತ್ತಾಳೆ. ಮನೆಗೆ ಬಂದ ಮೇಲೆ ಜುಟ್ಟು ಕಟ್ಟುತ್ತಾಳೆ. ಬೇಕಾದಾಗ ಹಾಕ್ಕೊಂಡ್ಲು, ಬ್ಯಾಡಾದಾಗ ತಗದಿಟ್ಲು. ಅಕ್ಕನೂ ಒತ್ತಾಯ ಮಾಡುವುದನ್ನು ಬಿಟ್ಟಿದ್ದಾಳೆ.

ಊರಿಂದ ವಾಪಸ್ಸಾಗುವಾಗ ಲಕ್ಷ್ಮೇಶ್ವರದಲ್ಲಿ ಬಸ್ಸು ಬದಲಿಸಬೇಕಿತ್ತು. ಹೊತ್ತಿತ್ತು, ಸೋಮೇಶ್ವರನ ಗುಡಿಗೆ ಹೋಗಿ ಕೂತೆ. ಇದೇ ಹಳೆಯ ಪುಲಿಗೆರೆ. ಇಲ್ಲಿಯ ತಿರುಳ್ಗನ್ನಡದಲ್ಲಿ ಬರೆದೆ ಅಂತ ಪಂಪ ಹೇಳಿಕೊಂಡಿದ್ದಾನೆ. ಅವನ ವಿಕ್ರಮಾರ್ಜುನ ವಿಜಯದಲ್ಲಿ ದ್ರೌಪದಿಗೆ ಐದು ಮಂದಿ ಗಂಡಂದಿರಿಲ್ಲ, ಅರ್ಜುನ ಒಬ್ಬನೇ. ಏಕೆಂದರೆ ಪಂಪನಿಗೆ ಅರ್ಜುನ ಅಂದರೆ ತನ್ನ ದೊರೆ ಅರಿಕೇಸರಿ. ದೊರೆಯ ಹೆಂಡತಿಯನ್ನು ಹಂಚುವುದು ಹೇಗೆ? ವ್ಯಾಸರ ಭಾರತವನ್ನೇ ಬದಲಿಸಿದ. ಇಲ್ಲೇ ಹತ್ತಿರದ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಅದೇ ಭಾರತವನ್ನು ಮತ್ತೆ ಹೇಳಿದ. ಅವನ ಹೊತ್ತಿಗೆ ಅರಿಕೇಸರಿ ಇರಲಿಲ್ಲ, ವೀರನಾರಾಯಣ ಇದ್ದ, ಕಥೆಯೆಲ್ಲ ಕೃಷ್ಣಮಯವಾಯಿತು. ಇಬ್ಬರನ್ನೂ ಮೂಲ ಕೆಡಿಸಿದವರು ಅಂತ ಯಾರೂ ಅನ್ನುವುದಿಲ್ಲ, ನನ್ನ ಗೆಳೆಯನೂ ಅನ್ನುವುದಿಲ್ಲ.

ಪಂಪ ಕಥೆ ಬದಲಿಸಿದ್ದು ಎದುರಿಗೆ ಕೂತ ದೊರೆಗಾಗಿ. ಅಮ್ಮ ಬದಲಿಸಿದ್ದು ಎದುರಿಗೆ ಕೂತ ಒಂಬತ್ತು ವರ್ಷದವಳಿಗಾಗಿ. ಹಳೆಯ ಕಥೆ ಕೇಳುವವರಿಗೆ ಎಲ್ಲೋ ಒಂದು ಕಡೆ ಚುಚ್ಚಿದರೆ, ಹೇಳುವವರಿಗೆ ಎರಡು ದಾರಿ. ಕೇಳುವವರನ್ನು ಸುಮ್ಮನಿರಿಸಬಹುದು, ಇಲ್ಲವೇ ಕಥೆಯನ್ನು ತಿದ್ದಬಹುದು. ಸಿಂಡರ್ ಓದುವಾಗ ನನಗೆ ಅಷ್ಟು ಖುಷಿ ಯಾಕೆ ಆಗುತ್ತಿತ್ತು ಅಂತ ಈಗ ಗೊತ್ತಾಗಿದೆ. ರಾಕೆಟ್ಟು, ಆಂಡ್ರಾಯ್ಡು, ಚಂದ್ರಲೋಕ ಎಲ್ಲ ಇವೆ, ಸಂತೋಷವೇ. ಆದರೆ ಆ ಕಥೆಯಲ್ಲಿ ಯಾರೋ ಒಬ್ಬರು ಲೋಹದ ಕಾಲಿನ ಹುಡುಗಿಗೂ ಕೂರಲು ಜಾಗ ಮಾಡಿಕೊಟ್ಟಿದ್ದಾರೆ. 15,000 ಎಳೆಯ ಕಿವಿ ಇದ್ದ ನಾವು ಕೇಳಿಸಿಕೊಳ್ಳದ್ದನ್ನು ಇಪ್ಪತ್ತೆರಡಕ್ಕಿಂತ ಹೆಚ್ಚು ಎಳೆಯಿಲ್ಲದ ಒಂದು ಕಿವಿ ಕೇಳಿಸಿಕೊಂಡಿತು.

ಈಗ ಕ್ರೆಸ್ ಕಥೆ ಹೇಳು ಅಂತ ಗಂಟು ಬಿದ್ದಿದ್ದಾಳೆ. ವಾರಕ್ಕೊಮ್ಮೆ ವೀಡಿಯೋ ಕಾಲಿನಲ್ಲಿ ನಡೆಯುತ್ತಿದೆ. ಸದ್ಯಕ್ಕೆ ಉಪಗ್ರಹ ಮುಂಡರಗಿಯ ಮೇಲೆ ಹಾದು ಹೋಗುತ್ತಿದೆ.

ನಿಮ್ಮ ಕಡೆ ಹಂಚಿಯ ಕಥೆ ಹೇಗೆ ಹೇಳುತ್ತಾರೆ? ಹಂಚು ಒಡೆಯುತ್ತಾರೋ, ಎತ್ತಿಡುತ್ತಾರೋ? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಅಮ್ಮನಿಗೆ ಓದಿ ಹೇಳಬೇಕು. ಹುಗ್ಗಿಯ ಬದಲು ಬೇರೆ ಏನಾದರೂ ಬಡಿಸಿದ್ದರೆ ಅದನ್ನೂ ತಪ್ಪದೆ ತಿಳಿಸಿ, ಮೊದಲು ಕೇಳುವುದೇ ಅದನ್ನ :)